ಅಟ್ಟದ ಏಣಿ

ಕೇರಳದ ಗಡಿಗೆ ತಾಗಿಕೊಂಡಿರುವ ನಮ್ಮ ಕನ್ಯಾನದಲ್ಲಿ, ಆಟಿಯ ಮಳೆ ಹಿಡಿದು ಅಂಗಳಕ್ಕೂ ಇಳಿಯಲಾಗದಿದ್ದ ಒಂದು ಅಪರಾಹ್ಣ, ನೆರೆಮನೆಯ ನಿವೃತ್ತ ಅಧ್ಯಾಪಕರು ನನ್ನನ್ನು ಕರೆಯಿಸಿಕೊಂಡು, ಆರು ವರ್ಷಗಳಿಂದ ತಾವು ನುಡಿ ತಂತ್ರಾಂಶದಲ್ಲಿ ಬೆರಳಚ್ಚಿಸುತ್ತ ಬಂದಿದ್ದ ಕುಟುಂಬದ ವಂಶಾವಳಿಯೂ, ತೋಟದ ಲೆಕ್ಕಪತ್ರವೂ, ತೀರಿಹೋದ ಪತ್ನಿಯ ಭಾವಚಿತ್ರಗಳೂ ಗಣಕಯಂತ್ರದಲ್ಲಿ ಎಲ್ಲಿಯೂ ಕಾಣುತ್ತಿಲ್ಲವೆಂದು ಹೇಳಿದರು. ನಡೆದುದಿಷ್ಟು: ಯಂತ್ರವು ಕೆಲವು ದಿನಗಳಿಂದ ನಿಧಾನಗೊಂಡು, ವರ್ಚುವಲ್ ಮೆಮೊರಿ ಸಾಲದೆಂಬ ಸೂಚನೆಯನ್ನು ಇಂಗ್ಲಿಷಿನಲ್ಲಿ ಪದೇಪದೇ ತೋರಿಸುತ್ತಿತ್ತು, ಮೊಮ್ಮಗ ಅದನ್ನು ಪೇಟೆಯ ಅಂಗಡಿಯೊಂದಕ್ಕೆ ಒಯ್ದನು, ಅಲ್ಲಿಯವರು ‘ಫಾರ್ಮ್ಯಾಟ್ ಹೊಡೆದರೆ ಸರಿಯಾಗುತ್ತದೆ’ ಎಂದು, ಒಳಗೇನಿದೆಯೆಂದು ವಿಚಾರಿಸದೆ, ಎಲ್ಲವನ್ನೂ ಅಳಿಸಿ ಕೊಟ್ಟರು. ಹದಿನೈದು ದಿನ ಯಂತ್ರ ಚುರುಕಾಗಿ ಓಡಿತು. ಅನಂತರ ಅದೇ ಸೂಚನೆ ಮತ್ತೆ ಬಂದಿತು.

ಫಾರ್ಮ್ಯಾಟ್ ಎಂಬುದು ಈ ವ್ಯಾಧಿಗೆ ಔಷಧವೇ ಅಲ್ಲ. ಕೊಳೆರೋಗ ತಗುಲಿದ ತೋಟಕ್ಕೆ ಮದ್ದು ಬಿಡುವ ಬದಲು ಮರಗಳನ್ನೇ ಕಡಿಸುವವರು ನಮ್ಮಲ್ಲಿ ಯಾರೂ ಇಲ್ಲ. ಗಣಕಯಂತ್ರದ ವಿಷಯದಲ್ಲಿ ಮಾತ್ರ ಹಾಗೆ ಮಾಡುವುದನ್ನು ಚಿಕಿತ್ಸೆಯೆಂದು ನಾವು ಒಪ್ಪಿಕೊಂಡಿದ್ದೇವೆ. ಇದು ಬಹುಮಟ್ಟಿಗೆ ಮನೆಯಲ್ಲಿಯೇ, ಅನೇಕ ಸಲ ಒಂದು ಕಾಸೂ ವ್ಯಯವಿಲ್ಲದೆ, ಗುಣವಾಗತಕ್ಕ ರೋಗವೆಂಬುದನ್ನು ತಿಳಿಸುವುದಕ್ಕಾಗಿಯೇ ಈ ಲೇಖನ.

ದೊಡ್ಡ ಅಡುಗೆ ನಡೆಯುವ ಮನೆಯನ್ನು ಭಾವಿಸಿರಿ. ಅಡುಗೆಶಾಲೆಯ ಜಗುಲಿಯಲ್ಲಿ ಕೈಗೆಟಕುವಷ್ಟು ಪಾತ್ರೆಗಳಿಗೆ ಮಾತ್ರ ಸ್ಥಳ. ಉಳಿದ ಕಡಾಯಿ, ಚೆರಿಗೆ, ಸೌಟುಗಳೆಲ್ಲ ಅಟ್ಟದ ಮೇಲೆ. ಈಗ ಬೇಕಾದುದನ್ನು ಇಳಿಸಿ, ಬೇಡವಾದುದನ್ನು ಏರಿಸಿ, ಸಣ್ಣ ಜಗುಲಿಯಲ್ಲಿಯೂ ನೂರು ಎಲೆಯ ಊಟವನ್ನು ಸಿದ್ಧಪಡಿಸುವುದು ಸಾಧ್ಯ. ರ‍್ಯಾಮ್ ಎಂಬುದು ಆ ಜಗುಲಿ. ಹಾರ್ಡ್ ಡಿಸ್ಕಿನಲ್ಲಿ ವಿಂಡೋಸ್ ತನಗಾಗಿ ಕಾದಿರಿಸಿಕೊಳ್ಳುವ ಪೇಜಿಂಗ್ ಫೈಲ್ ಎಂಬ ಕಡತವೇ ಆ ಅಟ್ಟ. ಸ್ಮೃತಿಯನ್ನು ಸಾಮಾನ್ಯವಾಗಿ 4 ಕಿಲೋಬೈಟಿನ ಸಣ್ಣ ಪುಟಗಳಾಗಿ ವಿಭಾಗಿಸಿ, ಆ ಪುಟಗಳನ್ನು ಮೇಲೆ ಕೆಳಗೆ ಸಾಗಿಸುತ್ತ, ಎರಡೂ ಸೇರಿ ಒಂದೇ ವಿಶಾಲವಾದ ಸ್ಮೃತಿಯೆಂಬಂತೆ ತಂತ್ರಾಂಶಗಳಿಗೆ ತೋರಿಸುವ ಈ ವ್ಯವಸ್ಥೆಗೇ ವರ್ಚುವಲ್ ಮೆಮೊರಿ, ಎಂದರೆ ಕಲ್ಪಿತ ಸ್ಮೃತಿ, ಎಂದು ಹೆಸರು. ಇದು ಇಂದು ನಿನ್ನೆಯ ಯುಕ್ತಿಯಲ್ಲ. ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದಲ್ಲಿ ಟಾಮ್ ಕಿಲ್ಬರ್ನ್ ಮತ್ತು ಅವರ ಸಹೋದ್ಯೋಗಿಗಳು ನಿರ್ಮಿಸಿ 1962ರಲ್ಲಿ ಬಳಕೆಗೆ ತಂದ ಅಟ್ಲಾಸ್ ಎಂಬ ಯಂತ್ರವು, 16 ಸಾವಿರ ಪದಗಳಷ್ಟು ಮಾತ್ರ ಹಿಡಿಯುತ್ತಿದ್ದ ಮುಖ್ಯ ಸ್ಮೃತಿಯನ್ನು 96 ಸಾವಿರ ಪದಗಳ ತಿರುಗುವ ಡ್ರಮ್ಮಿನೊಡನೆ ಜೋಡಿಸಿ, ಎರಡನ್ನೂ ಒಂದಾಗಿ ಕಾಣಿಸಿತು.

ಆದರೆ ಅಟ್ಟಕ್ಕೆ ಏಣಿ ಹತ್ತಿಯೇ ಹೋಗಬೇಕು. ರ‍್ಯಾಮಿನಿಂದ ಒಂದು ಪದಾರ್ಥವನ್ನು ತೆಗೆಯುವುದಕ್ಕೆ ತಗಲುವ ಕಾಲಕ್ಕಿಂತ, ತಿರುಗುವ ತಟ್ಟೆಯುಳ್ಳ ಹಳೆಯ ಹಾರ್ಡ್ ಡಿಸ್ಕಿನಿಂದ ತೆಗೆಯುವುದಕ್ಕೆ ಹತ್ತಿರ ಹತ್ತಿರ ಲಕ್ಷ ಪಾಲು ಹೆಚ್ಚಿನ ಕಾಲ ಬೇಕು. ಆದುದರಿಂದ ಜಗುಲಿ ತೀರ ಇಕ್ಕಟ್ಟಾದಾಗ ಬಾಣಸಿಗನು ಪ್ರತಿಯೊಂದು ಸೌಟಿಗೂ ಏಣಿ ಹತ್ತಿ ಇಳಿಯುವುದರಲ್ಲಿಯೇ ಹೊತ್ತು ಕಳೆದು, ಒಲೆಯ ಮೇಲಿನ ಅನ್ನ ಬೇಯದೆ ಹೋಗುವ ಅವಸ್ಥೆ ಬರುತ್ತದೆ. ಇದನ್ನು ಥ್ರ್ಯಾಶಿಂಗ್ ಎನ್ನುತ್ತಾರೆ; ಇದರ ಕಾರಣವನ್ನೂ ಪರಿಹಾರವನ್ನೂ ಪೀಟರ್ ಡೆನ್ನಿಂಗ್ ಎಂಬ ವಿದ್ವಾಂಸರು 1968ರಲ್ಲಿಯೇ ವಿವರಿಸಿದರು. ‘ಸಿಸ್ಟಮ್ ಹ್ಯಾಂಗ್ ಆಗಿದೆ’ ಎಂದು ನಾವು ಹೇಳುವಾಗ, ಡಿಸ್ಕಿನ ಕೆಂಪು ದೀಪ ಆರದೆ ಮಿನುಗುತ್ತಿದ್ದರೆ, ನಡೆಯುತ್ತಿರುವುದು ಪ್ರಾಯಶಃ ಇದೇ.

ವರ್ಚುವಲ್ ಮೆಮೊರಿ ಸಾಲದೆಂಬ ಸೂಚನೆಯ ನಿಜವಾದ ಅರ್ಥ ಈ ಥ್ರ್ಯಾಶಿಂಗಿಗಿಂತ ತುಸು ಬೇರೆ. ವಿಂಡೋಸ್ ಒಂದು ಸಹಕಾರಿ ಸಂಘದ ಲೆಕ್ಕಿಗನಂತೆ, ಯಾವ ತಂತ್ರಾಂಶಕ್ಕೆ ಎಷ್ಟು ಸ್ಮೃತಿಯನ್ನು ಕೊಡುವೆನೆಂದು ಮಾತುಕೊಟ್ಟಿದೆಯೋ ಅದರ ಮೊತ್ತವನ್ನು ಬರೆದಿಡುತ್ತದೆ. ಆ ಮೊತ್ತವು ರ‍್ಯಾಮ್ ಮತ್ತು ಪೇಜಿಂಗ್ ಫೈಲ್ ಎರಡರ ಒಟ್ಟು ಅಳತೆಯನ್ನು ಮೀರುವಂತಿಲ್ಲ. ಮಾತುಕೊಡುವುದಕ್ಕೆ ಇನ್ನು ಉಳಿದುದು ಅತ್ಯಲ್ಪವೆಂದು ಕಂಡಾಗಲೇ ಎಚ್ಚರಿಕೆ ಹೊರಡುತ್ತದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರನ್ನು ತೆರೆದರೆ, ಪರ್ಫಾರ್ಮೆನ್ಸ್ ವಿಭಾಗದ ಮೆಮೊರಿಯ ಕೆಳಗೆ ‘ಕಮಿಟೆಡ್’ ಎಂಬಲ್ಲಿ ಈ ಎರಡು ಅಂಕಿಗಳೂ ಕಾಣುತ್ತವೆ. ವೈದ್ಯನು ನಾಡಿ ಹಿಡಿಯುವಂತೆ ಇದನ್ನು ಮೊದಲು ನೋಡತಕ್ಕದ್ದು.

ಅಧ್ಯಾಪಕರ ಯಂತ್ರದಲ್ಲಿ ನಾನು ಕಂಡ ಕಾರಣಗಳು ಮೂರು, ಮತ್ತು ಇತರ ಮನೆಗಳಲ್ಲಿಯೂ ಬಹುತೇಕ ಇವೇ ಇರುತ್ತವೆ. ಮೊದಲನೆಯದು, ಸಿ ಡ್ರೈವ್ ತುಂಬಿಹೋಗಿತ್ತು. ಮೊಮ್ಮಗ ಇಳಿಸಿಕೊಂಡಿದ್ದ ಚಲನಚಿತ್ರಗಳೂ ಬರಿದುಮಾಡದ ರಿಸೈಕಲ್ ಬಿನ್ನೂ ಸೇರಿ, ಅಟ್ಟವನ್ನು ವಿಸ್ತರಿಸುವುದಕ್ಕೆ ಯಂತ್ರಕ್ಕೆ ಎಡೆಯೇ ಇರಲಿಲ್ಲ. ಎರಡನೆಯದು, ಪೇಜಿಂಗ್ ಫೈಲ್ ಚಿಕ್ಕದಾದಷ್ಟೂ ವೇಗ ಹೆಚ್ಚುವುದೆಂಬ ಭ್ರಮೆಯಿಂದ ಯಾರೋ ಅದರ ಅಳತೆಯನ್ನು ಒಂದು ಸಣ್ಣ ಅಂಕಿಗೆ ಕಟ್ಟಿಹಾಕಿದ್ದರು. ದಿಸ್ ಪಿಸಿಯ ಪ್ರಾಪರ್ಟೀಸಿನಲ್ಲಿ ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸನ್ನು ತೆರೆದು, ಅಲ್ಲಿಂದ ಪರ್ಫಾರ್ಮೆನ್ಸ್ ಸೆಟ್ಟಿಂಗ್ಸಿಗೂ ಅದರ ಅಡ್ವಾನ್ಸ್ಡ್ ಪುಟದ ವರ್ಚುವಲ್ ಮೆಮೊರಿಗೂ ಹೋಗಿ, ಅಳತೆಯನ್ನು ಯಂತ್ರವೇ ನಿರ್ಧರಿಸಲಿ ಎಂಬ ‘ಆಟೊಮ್ಯಾಟಿಕಲಿ ಮ್ಯಾನೇಜ್’ ಪೆಟ್ಟಿಗೆಗೆ ಗುರುತು ಹಾಕಿದೆವು. ಮೂರನೆಯದು, ಎರಡು ಆಂಟಿವೈರಸ್ ತಂತ್ರಾಂಶಗಳೂ ಬ್ರೌಸರಿನ ಮೂವತ್ತೆಂಟು ಕಿಟಕಿಗಳೂ ಸದಾ ತೆರೆದೇ ಇದ್ದುವು.

ಇಲ್ಲೊಂದು ಮಾತನ್ನು ಹೇಳಲೇಬೇಕು. ಕೆಲವು ತಂತ್ರಾಂಶಗಳು ಪಡೆದ ಸ್ಮೃತಿಯನ್ನು ಹಿಂದಿರುಗಿಸದೆ ಗಂಟೆಗಂಟೆಗೂ ಬೆಳೆಯುತ್ತ ಹೋಗುತ್ತವೆ. ಅವುಗಳ ಸಾಲ ತೀರುವುದು ಅವನ್ನು ಮುಚ್ಚಿದಾಗ, ಇಲ್ಲವೆ ಯಂತ್ರವನ್ನು ಪುನರಾರಂಭಿಸಿದಾಗ. ಪ್ರತಿರಾತ್ರಿ ಶಟ್ ಡೌನ್ ಮಾಡುತ್ತೇವಲ್ಲ ಎಂದು ಕೇಳುವವರಿಗೆ ಉತ್ತರವೆಂದರೆ, ವಿಂಡೋಸ್ 8ರಿಂದೀಚೆಗೆ ಫಾಸ್ಟ್ ಸ್ಟಾರ್ಟಪ್ ಇರುವ ಯಂತ್ರಗಳು ಶಟ್ ಡೌನಿನಲ್ಲಿ ಒಳಗಿನ ತಿರುಳನ್ನು ಹಾಗೆಯೇ ಡಿಸ್ಕಿನಲ್ಲಿ ಬರೆದಿಟ್ಟು ಮರುದಿನ ಅದನ್ನೇ ಎತ್ತಿಕೊಳ್ಳುತ್ತವೆ. ಆದಕಾರಣ ವಾರಕ್ಕೊಮ್ಮೆಯಾದರೂ ರೀಸ್ಟಾರ್ಟ್ ಎಂಬುದನ್ನೇ ಒತ್ತಬೇಕು.

ಇಷ್ಟಾದರೂ ತೀರದಿದ್ದರೆ ಹಣ ಹಾಕಬೇಕಾದುದು ರ‍್ಯಾಮಿಗೆ. 2020 ಮತ್ತು 2021ರ ಆನ್‌ಲೈನ್ ಪಾಠದ ದಿನಗಳಲ್ಲಿ, ಸುಳ್ಯ ತಾಲೂಕಿನಲ್ಲಿ ರಸ್ತೆಯ ಬದಿ ಕುಳಿತು ಪಾಠ ಕೇಳುತ್ತಿದ್ದ ಮಗಳಿಗೆ ತಂದೆ ಮಳೆಯಲ್ಲಿ ಕೊಡೆ ಹಿಡಿದು ನಿಂತ ಚಿತ್ರವನ್ನು ನಾಡೆಲ್ಲ ಕಂಡ ಆ ಕಾಲದಲ್ಲಿ, ನಮ್ಮ ಕಡೆಯ ಮನೆಗಳಿಗೆ ಬಂದ ಕಂಪ್ಯೂಟರುಗಳಲ್ಲಿ ಸೆಕೆಂಡ್‌ಹ್ಯಾಂಡಿನವೂ ಇದ್ದುವು, 2 ಅಥವಾ 4 ಜಿಬಿ ರ‍್ಯಾಮಿನವೂ ಇದ್ದುವು. ಇವುಗಳಿಗೆ ಇನ್ನೊಂದು ರ‍್ಯಾಮ್ ಪಟ್ಟಿಯನ್ನು ಸೇರಿಸುವುದೂ, ಹಳೆಯ ಡಿಸ್ಕಿನ ಸ್ಥಾನದಲ್ಲಿ ತಿರುಗುವ ತಟ್ಟೆಯಿಲ್ಲದ ಎಸ್‌ಎಸ್‌ಡಿಯನ್ನು ಇರಿಸುವುದೂ ಹೊಸ ಯಂತ್ರದ ಬೆಲೆಯ ಒಂದಂಶದಲ್ಲಿ ಮುಗಿಯುತ್ತದೆ. 32 ಬಿಟ್ಟಿನ ಹಳೆಯ ವಿಂಡೋಸ್ ಮಾತ್ರ 4 ಜಿಬಿಗಿಂತ ಹೆಚ್ಚಿನ ರ‍್ಯಾಮನ್ನು ಬಳಸಲಾರದು. ಅದನ್ನು ನೋಡಿಯೇ ಕೊಳ್ಳಬೇಕು.

ನಮ್ಮ ಜಿಲ್ಲೆಯ ಕಿನ್ನಿಕಂಬಳದ ಪದ್ಮನಾಭ ರಾಯರು ರಚಿಸಿದ ಕೀಲಿಮಣೆಯ ವಿನ್ಯಾಸದಲ್ಲಿ ಕನ್ನಡ ನಾಡು ಬೆರಳಚ್ಚಿಸುತ್ತಿದೆ. ವಿಂಡೋಸಿಗೂ ಕನ್ನಡದ ರೂಪವುಂಟು. ಆದರೂ ಅಂಗಡಿಯಿಂದ ಬರುವ ಯಂತ್ರಗಳು ಇಂಗ್ಲಿಷಿನಲ್ಲಿಯೇ ಮಾತನಾಡುತ್ತವೆ, ಆದ್ದರಿಂದಲೇ ಹಿರಿಯರು ಸೂಚನೆಯನ್ನು ಕಂಡು ಅಂಜಿ ಅದನ್ನು ಮುಚ್ಚಿಬಿಡುತ್ತಾರೆ. ದುರಸ್ತಿಗಾರರಲ್ಲಿ ನನ್ನ ವಿನಂತಿ: ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಎಂಬೆರಡೂ ಸಾಮಾನ್ಯವಾಗಿ ಫಾರ್ಮ್ಯಾಟಿಗೆ ಗುರಿಯಾಗುವ ಸಿ ಡ್ರೈವಿನಲ್ಲಿಯೇ ಇರುತ್ತವೆಯೆಂಬುದನ್ನು ನೀವು ಬಲ್ಲಿರಿ, ಮನೆಯವರು ಅರಿಯರು. ಅಳಿಸುವ ಮೊದಲು ಅವರನ್ನು ಕೇಳಿರಿ. ಮನೆಯವರಲ್ಲಿ ವಿನಂತಿ: ಯಂತ್ರವನ್ನು ಅಂಗಡಿಗೆ ಒಯ್ಯುವ ಮುನ್ನ ಬೇಕಾದುದೆಲ್ಲವನ್ನೂ ಒಂದು ಪೆನ್ ಡ್ರೈವಿಗೆ ಇಳಿಸಿಕೊಳ್ಳಿರಿ, ಸೂಚನೆಯ ಮಾತನ್ನು ಮೊಬೈಲಿನಲ್ಲಿ ಚಿತ್ರ ತೆಗೆದಿರಿಸಿಕೊಳ್ಳಿರಿ.

ಅಧ್ಯಾಪಕರ ಯಂತ್ರ ಈಗ ಸರಿಯಾಗಿದೆ. ಅವರು ಹಳೆಯ ನೋಟುಪುಸ್ತಕಗಳನ್ನು ಮುಂದಿಟ್ಟುಕೊಂಡು ವಂಶಾವಳಿಯನ್ನು ಮೊದಲಿನಿಂದ ಬೆರಳಚ್ಚಿಸುತ್ತ ಮೂರನೆಯ ತಲೆಮಾರಿಗೆ ಬಂದಿದ್ದಾರೆ. ಭಾವಚಿತ್ರಗಳು ಸಿಕ್ಕಲಿಲ್ಲ.