ಥಿನ್ನರ್ ಎಂಬ ಅವಿವೇಕ

ಕಾರಿನ ಮೇಲೆ ಸಿಡಿದ ಬಣ್ಣದ ಹನಿಗಳನ್ನು ಥಿನ್ನರಿನಿಂದ ಉಜ್ಜಿ ತೆಗೆಯಿರೆಂದು ಬುದ್ಧಿ ಹೇಳುವವರು ನಮ್ಮ ಗೌರಿಬಿದನೂರು ಸೀಮೆಯಲ್ಲಿ ಬೀದಿಗೊಬ್ಬರಿದ್ದಾರೆ. ಥಿನ್ನರ್ ಇಲ್ಲದಿದ್ದರೆ ಪೆಟ್ರೋಲ್. ಅದಕ್ಕೂ ಜಗ್ಗದಿದ್ದರೆ ಪಾತ್ರೆ ತಿಕ್ಕುವ ನಾರು! ಈ ಉಪದೇಶವನ್ನು ನಾನು ಸರ್ವಥಾ ಒಪ್ಪಲಾರೆ.

ಈ ಉಪದೇಶಕ್ಕೂ ಒಂದು ವಂಶಾವಳಿಯಿದೆ. ಹಿಂದೆ ರಸ್ತೆಬದಿಯ ಗ್ಯಾರೇಜುಗಳಲ್ಲಿ ಅಂಬಾಸಿಡರ್, ಫಿಯಟ್ ಕಾರುಗಳಿಗೆ ಎನ್.ಸಿ. ಬಣ್ಣ, ಅಂದರೆ ನೈಟ್ರೋಸೆಲ್ಯುಲೋಸ್ ಬಣ್ಣ ಹೊಡೆಯುತ್ತಿದ್ದರು. ಅದನ್ನು ಕಲಸುವುದೂ ಥಿನ್ನರಿನಲ್ಲಿ, ಕೈ ತೊಳೆಯುವುದೂ ಥಿನ್ನರಿನಲ್ಲಿ. ಆದರೆ ಆ ಬಣ್ಣ ಒಣಗಿ ವರ್ಷಗಳು ಕಳೆದರೂ ಥಿನ್ನರಿಗೆ ಕರಗುತ್ತದೆ. ಮರುಬಣ್ಣ ಕಂಡ ಹಳೆಯ ಕಾರಿನಲ್ಲಿ ಮೇಲೆ ಬಿದ್ದ ಹನಿ ಯಾವುದು, ಕೆಳಗಿನ ಮೈ ಯಾವುದು ಎಂಬ ಭೇದ ಥಿನ್ನರಿಗೆ ತಿಳಿಯದು. ಕಾರ್ಖಾನೆಯಲ್ಲಿ ಸುಮಾರು 140 ಡಿಗ್ರಿ ಶಾಖದಲ್ಲಿ ಬೇಯಿಸಿದ ಬಣ್ಣ ಹೆಚ್ಚು ತಡೆಯುತ್ತದೆ, ನಿಜ. ಆದರೆ ಥಿನ್ನರ್ ನೆನೆದಷ್ಟೂ ಅದರ ಹೊಳಪು ಮಂಕಾಗುತ್ತದೆ. ಪ್ಲಾಸ್ಟಿಕ್ಕಿನ ಹೆಡ್‌ಲೈಟಂತೂ ಸಣ್ಣ ಬಿರುಕುಗಳಿಂದ ಕುರುಡಾಗುತ್ತದೆ.

ಕಾರಿನ ಹೊಳಪೆಲ್ಲ ನಿಂತಿರುವುದು ಮೇಲಿನ ಪಾರದರ್ಶಕ ಪದರದ ಮೇಲೆ. ಅದರ ದಪ್ಪ ಸಾಮಾನ್ಯವಾಗಿ 40-50 ಮೈಕ್ರಾನ್, ನಮ್ಮ ತಲೆಗೂದಲಿಗಿಂತ ತೆಳು. ನಮ್ಮ ಬಯಲುಸೀಮೆಯ ಧೂಳಿನಲ್ಲಿರುವುದೋ ಗ್ರಾನೈಟ್ ಪುಡಿಯಾದ ಹರಳು. ತೊಳೆಯದೆ ಒಣಬಟ್ಟೆಯಿಂದ ಒರೆಸುವವನು ಉಪ್ಪುಕಾಗದದಿಂದ ಉಜ್ಜಿದಂತೆಯೇ ಸರಿ. ರೇಷ್ಮೆಗೂಡು ಮಾರಿ, ಸಾಲದ ಕಂತು ಕಟ್ಟಿ ಕೊಂಡ ಕಾರಿಗೆ ಈ ಗತಿಯೇ?

ಮನೆಯಲ್ಲಿ ಮಾಡಬೇಕಾದುದು ಇಷ್ಟೇ. ನೆರಳಿನಲ್ಲಿ ನಿಲ್ಲಿಸಿ, ಮೈ ತಣ್ಣಗಾದ ಮೇಲೆ ಧಾರಾಳ ನೀರು ಮತ್ತು ಕಾರ್ ಶಾಂಪೂವಿನಿಂದ ತೊಳೆಯಿರಿ. ಸ್ಪ್ರೇ ತುಂತುರಿನ ಉರುಟು ಕೈಗೆ ಹತ್ತಿದರೆ, ವಾಹನದ ಅಂಗಡಿಗಳಲ್ಲಿ ಸಿಗುವ ಕ್ಲೇ ಬಾರ್ ತನ್ನಿ. ಶಾಂಪೂ ನೀರಿನಿಂದ ಜಾರುವಂತೆ ಮಾಡಿ, ಒತ್ತದೆ ಹಿಂದೆಮುಂದೆ ಸರಿಸಿ; ಕೊಳೆಯಾದ ಮುಖವನ್ನು ಒಳಗೆ ಮಡಿಸಿ ಮತ್ತೆ ನಾದಿಕೊಳ್ಳಿ. ನೆಲಕ್ಕೆ ಬಿದ್ದ ತುಂಡನ್ನು ಎಸೆದುಬಿಡಿ. (ಜಿಪುಣರಿಗೆ ಇದು ಕಷ್ಟ, ಬಲ್ಲೆ.) ಕೊನೆಗೆ ಮೇಣ ಹಚ್ಚಿ. ದಪ್ಪ ಎನಾಮೆಲ್ ಹನಿಗೆ ಮಾತ್ರ ಬಟ್ಟೆಯ ತುದಿಯಲ್ಲಿ ಸ್ವಲ್ಪ ಟರ್ಪೆಂಟೈನ್ ಮುಟ್ಟಿಸಿ, ಅದೂ ಮೊದಲು ಕಾಣದ ಮೂಲೆಯಲ್ಲಿ ಪರೀಕ್ಷಿಸಿ, ಆಮೇಲೆ ತೊಳೆಯಿರಿ. ಸುಣ್ಣ ಸಿಡಿದರೆ ಒಣಗುವ ಮೊದಲೇ ನೀರು ಸುರಿಯುವುದೇ ಮದ್ದು.

ವಿದುರಾಶ್ವತ್ಥಕ್ಕೆ ಹೊಸ ವಾಹನ ತಂದು ಪೂಜೆ ಮಾಡಿಸುವವರಿಗೂ ಒಂದು ಮಾತು. ಅಲ್ಲಿನ ಸಾವಿರಾರು ನಾಗರಕಲ್ಲುಗಳು ಅರಿಶಿನ ಕುಂಕುಮವನ್ನು ತಲೆತಲಾಂತರದಿಂದ ಹೊತ್ತು ನಿಂತಿವೆ. ಕಲ್ಲಿಗೆ ಅದು ಶೋಭೆ. ಬಾನೆಟ್ ಕಲ್ಲಲ್ಲ. ಭಕ್ತಿಗೆ ನನ್ನ ವಿರೋಧವಿಲ್ಲ. ಮರುವಾರ ಉಗುರಿನಿಂದ ಕೆರೆಯುವುದಕ್ಕೆ ವಿರೋಧ. ಅಂದೇ ಸಂಜೆ ನೀರಿನಿಂದ ತೊಳೆದರೆ ಸಾಕು. ಅರಿಶಿನದ ಹಳದಿ ಉಳಿದರೂ ಗಾಬರಿ ಬೇಡ, ಬಿಸಿಲಿಗೆ ತಾನೇ ಮಾಸುತ್ತದೆ.

ಆದರೆ ಇಷ್ಟೆಲ್ಲ ಶ್ರಮ ಯಾರಿಗೆ ಬಂತು? ಗೇಟಿಗೆ ಸ್ಪ್ರೇ ಹೊಡೆಸಿದವನಿಗಲ್ಲ, ಪಕ್ಕದ ಮನೆಯವನಿಗೆ. ಆಷಾಢದ ಗಾಳಿಯಲ್ಲಿ ಒಂದು ಹಳೆಯ ಹೊದಿಕೆಯನ್ನೂ ಅಡ್ಡ ಕಟ್ಟದೆ ಕೆಲಸ ಮಾಡಿಸಿ, “ಏನಾಯ್ತು ಸ್ವಾಮಿ, ಥಿನ್ನರಿನಲ್ಲಿ ಒರೆಸಿದರೆ ಹೋಗುತ್ತೆ” ಎನ್ನುವವನ ಮೇಲೆಯೇ ನನ್ನ ಮುಖ್ಯ ಆಕ್ಷೇಪ. ಹಿಂದಿನ ದಿನವೇ ನೆರೆಯವರಿಗೆ ತಿಳಿಸಿ ವಾಹನ ಸರಿಸಲು ಹೇಳುವುದು ಅವನ ಕರ್ತವ್ಯ. ಹೇಳದೆ ಹೊಡೆಸಿದನೋ, ಕ್ಲೇ ಬಾರಿನ ಬೆಲೆಯನ್ನೂ ತೊಳೆಯುವ ಕೂಲಿಯನ್ನೂ ಅವನೇ ಕೊಡತಕ್ಕದ್ದು.