ಖಾಲಿ ಕುರ್ಚಿ ನ್ಯಾಯ ಕೊಟ್ಟೀತೆ?

ಕನ್ನಡದ ಯುವಕರೇ, ತಾಲೂಕು ಕೋರ್ಟಿನಲ್ಲಿ ಮ್ಯಾಜಿಸ್ಟ್ರೇಟರ ಕುರ್ಚಿ ಖಾಲಿ ಬಿದ್ದರೆ ಏನಾಗುತ್ತದೆ, ಬಲ್ಲಿರಾ? ದೇವದುರ್ಗದ, ಮಾನ್ವಿಯ ಬಡವ ಒಂದು ದಿನದ ಕೂಲಿ ಬಿಟ್ಟು, ಬಸ್ಸಿಗೆ ದುಡ್ಡು ತೆತ್ತು ಬರುತ್ತಾನೆ. ಸಿಗುವುದು ಮುಂದಿನ ತಾರೀಖು! ಪ್ರಭಾರದ ಮೇಲೆ ಬಂದವರು ಜಾಮೀನಿನಂಥ ತುರ್ತು ಕೆಲಸ ಮುಗಿಸಿದರೆ ಹೆಚ್ಚು. ಅಷ್ಟರಲ್ಲಿ ಸಾಕ್ಷಿ ಹೇಳಬೇಕಾದವನು ಗುಳೆ ಹೋದರೆ ಕೇಸೇ ಸತ್ತಂತೆ.

ತ್ವರಿತ ವಿಚಾರಣೆ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ 1979ರಲ್ಲೇ ಸಾರಿತು. ಹತ್ತು ಲಕ್ಷ ಜನರಿಗೆ 50 ನ್ಯಾಯಾಧೀಶರಿರಬೇಕೆಂದು 2002ರಲ್ಲಿ ಹೇಳಿತು. ಆ ಮಾತು ಇನ್ನೂ ಕಾಗದದಲ್ಲೇ ಇದೆ!

ನೇಮಕ, ವರ್ಗಾವಣೆ ಹೈಕೋರ್ಟಿನ ಕೈಯಲ್ಲಿ. ಹಣ ಸರ್ಕಾರದ ಕೈಯಲ್ಲಿ. ರಾಯಚೂರಿನಲ್ಲಿರಲಿ, ಬೆಂಗಳೂರಿನಲ್ಲಿರಲಿ, ಇಬ್ಬರನ್ನೂ ಕೇಳಿ: ಒಬ್ಬರು ವರ್ಗವಾದ ದಿನವೇ ಇನ್ನೊಬ್ಬರು ಬಂದು ಕೂರಲಿ! ದೇವದುರ್ಗದ ಬಡವನೂ ಕನ್ನಡಿಗನೇ.