ಹನ್ನೆರಡು ಮಂದಿಗೆ ಎಂಟು ಸಾಧನ

ಒಂಬತ್ತನೆಯ ತರಗತಿಯಲ್ಲಿ ಪ್ಲವನತೆಯ ಪಾಠ ಬಂದರೆ ನಮ್ಮ ಪ್ರಶಿಕ್ಷಣಾರ್ಥಿಗಳು ಜಲಾಂತರ್ಗಾಮಿಯ ಉದಾಹರಣೆ ಕೊಡದೆ ಮುಂದೆ ಹೋಗುವುದಿಲ್ಲ. ಈಗೀಗ ಮೊಬೈಲಿನಲ್ಲೋ ಪ್ರೊಜೆಕ್ಟರಿನಲ್ಲೋ ಸಿನಿಮಾದ ತುಣುಕನ್ನೂ ತೋರಿಸುತ್ತಾರೆ. ತೋರಿಸಲಿ. ಆದರೆ ಅಂಥ ಸಿನಿಮಾದಿಂದ ಮಕ್ಕಳಿಗಿಂತ ಮೊದಲು ನಾವು ಕಲಿಯಬೇಕಾದ್ದು ಒಂದಿದೆ.

1950ರಲ್ಲಿ ತೆರೆಕಂಡ ಬ್ರಿಟನ್ನಿನ ‘ಮಾರ್ನಿಂಗ್ ಡಿಪಾರ್ಚರ್’ ಈ ಬಗೆಯ ಹಳೆಯ, ಒಳ್ಳೆಯ ಚಿತ್ರ. ನಿರ್ದೇಶಕ ರಾಯ್ ಬೇಕರ್. ಯುದ್ಧ ಮುಗಿದರೂ ಕಡಲಲ್ಲಿ ಉಳಿದುಹೋದ ಸ್ಫೋಟಕವೊಂದು ಸಿಡಿದು ‘ಟ್ರೋಜನ್’ ಎಂಬ ಜಲಾಂತರ್ಗಾಮಿ ತಳ ಸೇರುತ್ತದೆ. ಬದುಕುಳಿದವರು 12 ಮಂದಿ. ಹೊರಬರಲು ಬೇಕಾದ ಉಸಿರಾಟದ ಸಾಧನಗಳು ಎಂಟೇ. ಮೊದಲು ನಾಲ್ವರು ಹೊರಡುತ್ತಾರೆ. ಮಿಕ್ಕ ನಾಲ್ಕು ಯಾರಿಗೆ ಎಂಬುದನ್ನು ಇಸ್ಪೀಟಿನ ಎಲೆ ಎಳೆದು ತೀರ್ಮಾನಿಸುತ್ತಾರೆ. ಜಾನ್ ಮಿಲ್ಸ್ ಅಭಿನಯಿಸಿದ ಕ್ಯಾಪ್ಟನ್ ಒಳಗೇ ಉಳಿಯುತ್ತಾನೆ. ಇದು ಬರಿಯ ಕಟ್ಟುಕತೆಯೆಂದು ಆಗಿನ ಪ್ರೇಕ್ಷಕರಿಗೆ ಅನ್ನಿಸಿರಲಾರದು. ಚಿತ್ರ ಬಿಡುಗಡೆಗೆ ಸ್ವಲ್ಪ ಮೊದಲು, ಅದೇ ವರ್ಷದ ಜನವರಿ 12ರಂದು, ‘ಟ್ರುಕ್ಯುಲೆಂಟ್’ ಎಂಬ ನಿಜವಾದ ಜಲಾಂತರ್ಗಾಮಿ ಥೇಮ್ಸ್ ನದಿ ಕಡಲು ಸೇರುವಲ್ಲಿ ಹಡಗಿಗೆ ಡಿಕ್ಕಿಯಾಗಿ ಮುಳುಗಿತ್ತು.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಬೋಧನಾಭ್ಯಾಸದ ಪಾಠ ನೋಡಲು ಹೋದಾಗ ನನಗೆ ಆ ಎಲೆ ಎಳೆಯುವ ದೃಶ್ಯ ನೆನಪಾಗುತ್ತದೆ. ತರಗತಿಯಲ್ಲಿ ನಲವತ್ತು ಮಕ್ಕಳು, ಸ್ಪ್ರಿಂಗ್ ತಕ್ಕಡಿ ಎರಡು. ಅದು ಯಾರ ಕೈಗೆ ಹೋಗುತ್ತದೆ? ಮುಂದಿನ ಬೆಂಚಿನ, ಸರಿಯುತ್ತರ ಹೇಳುವ ನಾಲ್ವರಿಗೆ. ಹಿಂದೆ ಕೂತವರು ಕತ್ತು ನಿಗುರಿಸಿ ನೋಡುತ್ತಾರೆ. ಪ್ರಶಿಕ್ಷಣಾರ್ಥಿಯನ್ನು ದೂರಿ ಫಲವಿಲ್ಲ. ತಪ್ಪು ಉತ್ತರ ಬಂದರೆ ಅಂಕ ಹೋದೀತೆಂಬ ಭಯ ಹುಟ್ಟಿಸಿದವರು ಹಿಂದೆ ಕುಳಿತ ನಾವೇ. ಅಂಥ ಪಾಠಕ್ಕೆ ‘ಮಕ್ಕಳ ಭಾಗವಹಿಸುವಿಕೆ ಉತ್ತಮ’ ಎಂದು ನಾನೂ ಬರೆದಿದ್ದೇನೆ.

ಮೊದಲ ಹೆಜ್ಜೆ ಸುಲಭ: ಚೀಟಿ ಎತ್ತಿಸಿ. ಸಾವಿನೆದುರು ಇದ್ದವರಿಗೆ ಸಾಧ್ಯವಾದ ನ್ಯಾಯ ನಲವತ್ತು ನಿಮಿಷದ ತರಗತಿಯಲ್ಲಿ ಸಾಧ್ಯವಾಗದೇ?

ಆದರೆ ಚೀಟಿಗೇ ನಿಲ್ಲಬಾರದು. ಆ ಕ್ಯಾಪ್ಟನ್‌ಗೆ ಒಂಬತ್ತನೆಯ ಸಾಧನ ಮಾಡಿಕೊಳ್ಳುವ ದಾರಿ ಇರಲಿಲ್ಲ. ನಮಗಿದೆ. ಖಾಲಿ ನೀರಿನ ಬಾಟಲಿ, ತೂತಿಲ್ಲದ ಪೆನ್ನಿನ ಕ್ಯಾಪು, ಒಂದು ಚೂರು ತಂತಿ ಸಾಕು. ಕ್ಯಾಪಿನ ಬಾಯಿಯ ಹತ್ತಿರ ತಂತಿ ಸುತ್ತಿ, ಬಾಯಿ ಕೆಳಗಾಗಿ ಅದು ಕಷ್ಟಪಟ್ಟು ತೇಲುವಂತೆ ಮಾಡಿ. ತುಂಬಿದ ಬಾಟಲಿಯೊಳಗೆ ಬಿಟ್ಟು ಮುಚ್ಚಳ ಬಿಗಿದು ಒತ್ತಿ. ಒಳಗಿನ ಗಾಳಿ ಕುಗ್ಗಿ ನೀರು ನುಗ್ಗುತ್ತದೆ, ಕ್ಯಾಪು ಮುಳುಗುತ್ತದೆ. ಕೈ ಸಡಿಲಿಸಿದರೆ ಮೇಲೇಳುತ್ತದೆ. ಜಲಾಂತರ್ಗಾಮಿಯೂ ತೊಟ್ಟಿಗಳಿಗೆ ನೀರು ತುಂಬಿಕೊಂಡು ಇಳಿಯುತ್ತದೆ, ಅದುಮಿಟ್ಟ ಗಾಳಿಯಿಂದ ನೀರನ್ನು ಹೊರದಬ್ಬಿ ಏಳುತ್ತದೆ. ಆಮೇಲೆ ಕ್ಯಾಪಿನ ತುದಿಗೆ ತೂತು ಮಾಡಿಸಿ, ಮತ್ತೆ ಬಿಡಿಸಿ. ಮುಳುಗಿದ್ದು ಏಳುವುದಿಲ್ಲ. ಟ್ರೋಜನ್ ಏಕೆ ಏಳಲಿಲ್ಲ ಎಂದು ಆಗ ಕೇಳಿ. ಹಿಂದಿನ ಬೆಂಚಿನಿಂದಲೂ ಕೈ ಏಳುತ್ತದೆ.

ಇಷ್ಟಕ್ಕೆಲ್ಲ ಸಮಯವೆಲ್ಲಿ ಎನ್ನುವವರಿದ್ದಾರೆ. ಸಿನಿಮಾ ತುಣುಕಿಗೆ ಕೊಡುವ ಹತ್ತು ನಿಮಿಷವನ್ನು ಐದಕ್ಕೆ ಇಳಿಸಿದರೆ ಸಮಯ ಸಿಗುತ್ತದೆ.

ಸಹೋದ್ಯೋಗಿಗಳಲ್ಲಿ ನನ್ನ ಕೋರಿಕೆ ಒಂದೇ. ಪಾಠ ಅವಲೋಕನದ ನಮೂನೆಗೆ ಇನ್ನೊಂದು ಸಾಲು ಸೇರಿಸೋಣ: ಇಂದು ಎಷ್ಟು ಮಕ್ಕಳ ಕೈಗೆ ಕಲಿಕೋಪಕರಣ ಸಿಕ್ಕಿತು? ಅಲ್ಲಿ ಅಂಕಿಯನ್ನೇ ಬರೆಯೋಣ, ‘ಉತ್ತಮ’ ಎಂದಲ್ಲ.